ಪೋರ್ಚುಗೀಸ್ ಕಲಿಯಲು ಯಾವ ವ್ಯಾಕರಣ ಪುಸ್ತಕ? ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಒಂದು ಮಾತು. ಪೋರ್ಚುಗೀಸ್ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ, ಅವುಗಳ ಸ್ಪೆಲಿಂಗ್‌ಗೆ ಹತ್ತಿರ ಇರುವ ಹಾಗೆ ಬರೆದಿದ್ದೇನೆ. ಉಚ್ಚಾರ ಊರಿಂದ ಊರಿಗೆ ಬೇರೆ ಬೇರೆ. ಅದನ್ನು ಕಿವಿಯಿಂದಲೇ ಕಲಿಯಬೇಕು, ಯಾವ ಲಿಪಿಯೂ ಪೂರ್ತಿ ಹೇಳಿಕೊಡಲಾರದು.

ಪುಸ್ತಕ ಕೊಳ್ಳುವಾಗ ಎಲ್ಲಕ್ಕಿಂತ ಮೊದಲು ಏನು ನೋಡಬೇಕು?

ಅದು ಬ್ರೆಜಿಲ್‌ನ ಪೋರ್ಚುಗೀಸ್ ಕಲಿಸುತ್ತದೋ, ಪೋರ್ಚುಗಲ್‌ನದೋ ಅಂತ. ಬೆಲೆ, ದಪ್ಪ, ಮುಖಪುಟ ಎಲ್ಲ ಆಮೇಲೆ.

ಎರಡೂ ಒಂದೇ ಭಾಷೆ ತಾನೇ ಅಂತ ಕೇಳಬಹುದು. ಹೌದು, ಪತ್ರಿಕೆ ಓದುವಾಗ ಅಷ್ಟೇನೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ಬಾಯಿ ತೆರೆದ ಕೂಡಲೇ ಗೊತ್ತಾಗುತ್ತದೆ. "ಮಾತಾಡ್ತಾ ಇದ್ದೀನಿ" ಅನ್ನಲು ಬ್ರೆಜಿಲ್‌ನವರು "ಎಸ್ತೋ ಫಲಾಂದೊ" ಅಂತಾರೆ. ಪೋರ್ಚುಗಲ್‌ನಲ್ಲಿ ಹೆಚ್ಚಾಗಿ "ಎಸ್ತೋ ಅ ಫಲಾರ್" ಅಂತಾರೆ. ಹೆಸರು ಹೇಳಿಕೊಳ್ಳುವಾಗ ಬ್ರೆಜಿಲ್‌ನಲ್ಲಿ "ಮೆ ಶಾಮೊ", ಪೋರ್ಚುಗಲ್‌ನಲ್ಲಿ "ಶಾಮೊ-ಮೆ". ಬಸ್ಸು ಬ್ರೆಜಿಲ್‌ನಲ್ಲಿ "ಓನಿಬುಸ್", ಪೋರ್ಚುಗಲ್‌ನಲ್ಲಿ "ಔತೊಕಾರ್ರೊ". ರೈಲು ಒಂದು ಕಡೆ "ತ್ರೆಂ", ಇನ್ನೊಂದು ಕಡೆ "ಕೊಂಬೋಯೊ".

ಇದಕ್ಕಿಂತ ಸೂಕ್ಷ್ಮವಾದದ್ದು "ನೀನು" ಅನ್ನುವ ಮಾತು. ಬ್ರೆಜಿಲ್‌ನ ಹೆಚ್ಚಿನ ಕಡೆ "ವೊಸೆ" ಎಲ್ಲರಿಗೂ ನಡೆಯುತ್ತದೆ. ಪೋರ್ಚುಗಲ್‌ನಲ್ಲಿ ಮನೆಯವರಿಗೆ, ಗೆಳೆಯರಿಗೆ "ತು". ಅಲ್ಲಿ ಎದುರಿಗಿರುವವರನ್ನು ನೇರವಾಗಿ "ವೊಸೆ" ಅಂದರೆ ಕೆಲವರಿಗೆ ಒರಟಾಗಿ ಕೇಳಿಸುತ್ತದೆ. ಎರಡು ಪದಕ್ಕೂ ಕ್ರಿಯಾಪದದ ರೂಪ ಬೇರೆ. ಅಂದರೆ ಪುಸ್ತಕದ ಮೊದಲ ಪಾಠದಿಂದಲೇ ದಾರಿ ಕವಲೊಡೆಯುತ್ತದೆ. ತಪ್ಪು ಪುಸ್ತಕ ತಂದರೆ ಅರ್ಧ ದಾರಿಯಲ್ಲಿ ಬಾಯಿಪಾಠ ಮಾಡಿದ್ದನ್ನೆಲ್ಲ ಮರೆಯಬೇಕಾಗುತ್ತದೆ.

ಯಾವುದು ಅಂತ ಪುಸ್ತಕದ ಮೇಲೆ ಬರೆದಿಲ್ಲವಲ್ಲ?

ಆಗ ಕ್ರಿಯಾಪದದ ಮೊದಲ ಪಟ್ಟಿ ತೆಗೆಯಿರಿ. "ತು" ಸಾಲಿಗೆ ಉದಾಹರಣೆ, ಅಭ್ಯಾಸ ಎಲ್ಲ ಇದ್ದರೆ ಹೆಚ್ಚಾಗಿ ಪೋರ್ಚುಗಲ್‌ನ ಪುಸ್ತಕ. "ತು" ಸಾಲೇ ಇಲ್ಲ, ಅಥವಾ ಸಣ್ಣ ಟಿಪ್ಪಣಿಯಲ್ಲಿ ಮಾತ್ರ ಇದೆ ಅಂದರೆ ಬ್ರೆಜಿಲ್‌ನದು. ಇನ್ನೂ ಅನುಮಾನ ಇದ್ದರೆ ಬಸ್ಸಿಗೆ ಯಾವ ಪದ ಬಳಸಿದ್ದಾರೆ ನೋಡಿ. ಸಾಕು.

ಎರಡನ್ನೂ ಒಟ್ಟಿಗೆ ಕಲಿಸುವ ಪುಸ್ತಕ ತಗೊಂಡರೆ ಆಗಲ್ವಾ?

ಅನುಮಾನ ಬಂದಾಗ ತೆಗೆದು ನೋಡಲು ಅಂಥ ಪುಸ್ತಕ ಚೆನ್ನ. ಶುರು ಮಾಡಲು ಬೇಡ. ಪ್ರತಿ ಪುಟದಲ್ಲೂ "ಬ್ರೆಜಿಲ್‌ನಲ್ಲಿ ಹೀಗೆ, ಪೋರ್ಚುಗಲ್‌ನಲ್ಲಿ ಹಾಗೆ" ಅಂತ ಓದುತ್ತಾ ಹೋದರೆ ಎರಡೂ ಕಲಸಿಹೋಗುತ್ತದೆ. ಒಂದು ಗಟ್ಟಿಯಾದ ಮೇಲೆ ಇನ್ನೊಂದನ್ನು ಅರ್ಥ ಮಾಡಿಕೊಳ್ಳುವುದು ಏನೂ ಕಷ್ಟ ಇಲ್ಲ.

ನನಗೆ ಎರಡೂ ದೇಶದ ನಂಟಿಲ್ಲ. ಯಾವುದನ್ನು ಆರಿಸಲಿ?

ಹಾಗಾದರೆ ಬ್ರೆಜಿಲ್. ಅಲ್ಲಿ 20 ಕೋಟಿಗೂ ಜಾಸ್ತಿ ಜನ ಇದ್ದಾರೆ, ಪೋರ್ಚುಗಲ್‌ನಲ್ಲಿ ಸುಮಾರು 1 ಕೋಟಿ. ಹಾಡು, ಧಾರಾವಾಹಿ, ಪಾಡ್‌ಕಾಸ್ಟ್ ಬೇಕಾದಷ್ಟು ಸಿಗುತ್ತವೆ. ಇನ್ನೊಂದು ಕಾರಣವೂ ಇದೆ. ಬ್ರೆಜಿಲ್‌ನವರು ಸ್ವರಗಳನ್ನು ಬಿಡಿಸಿ ಹೇಳುತ್ತಾರೆ. ಪೋರ್ಚುಗಲ್‌ನವರು ಒತ್ತು ಬೀಳದ ಸ್ವರಗಳನ್ನು ಎಷ್ಟೋ ಸಲ ನುಂಗಿಬಿಡುತ್ತಾರೆ. ಹೊಸಬರ ಕಿವಿಗೆ ಮೊದಲನೆಯದೇ ಸುಲಭ.

ಆದರೆ ಪೋರ್ಚುಗಲ್‌ಗೆ ಓದಲು, ಕೆಲಸಕ್ಕೆ ಹೋಗುವವರು ಸುಮ್ನೆ ಬ್ರೆಜಿಲ್ ಪುಸ್ತಕ ಹಿಡಿಯಬೇಡಿ. ಅಂಗೋಲಾ, ಮೊಜಾಂಬಿಕ್ ಕಡೆ ಹೋಗುವವರಿಗೂ ಪೋರ್ಚುಗಲ್ ಪುಸ್ತಕವೇ ಹತ್ತಿರ. ಅಲ್ಲಿನ ಬರವಣಿಗೆ ಆ ಮಾದರಿಯನ್ನೇ ಅನುಸರಿಸುತ್ತದೆ.

ಕೊಳ್ಳುವ ಮುಂಚೆ ಪುಟ ತಿರುಗಿಸಿ ನೋಡಿದರೆ ಪುಸ್ತಕ ಒಳ್ಳೆಯದೋ ಅಲ್ಲವೋ ಗೊತ್ತಾಗುತ್ತದಾ?

ಗೊತ್ತಾಗುತ್ತದೆ. ಮುನ್ನುಡಿ ಓದಬೇಡಿ. ಎಲ್ಲ ಮುನ್ನುಡಿಗಳೂ "ಸರಳ, ಸಂಪೂರ್ಣ" ಅಂತಲೇ ಹೇಳಿಕೊಳ್ಳುತ್ತವೆ. ನೇರ ಹಿಂದಿನ ವಿಷಯಸೂಚಿಗೆ ಹೋಗಿ ನಾಲ್ಕು ವಿಷಯ ಹುಡುಕಿ. ಆನ್‌ಲೈನ್‌ನಲ್ಲಿ ಕೊಳ್ಳುವವರು ಮಾದರಿ ಪುಟಗಳಲ್ಲಿ ನೋಡಬಹುದು.

ಮೊದಲನೆಯದು "ಸೆರ್" ಮತ್ತು "ಎಸ್ತಾರ್". ಎರಡಕ್ಕೂ ಇಂಗ್ಲಿಷ್‌ನಲ್ಲಿ "ಬಿ" (be) ಎಂಬ ಒಂದೇ ಕ್ರಿಯಾಪದ. "ಶಾಶ್ವತವಾದರೆ ಸೆರ್, ತಾತ್ಕಾಲಿಕವಾದರೆ ಎಸ್ತಾರ್" ಎಂಬ ಒಂದು ಸಾಲು ಬರೆದು ಕೈತೊಳೆದುಕೊಂಡ ಪುಸ್ತಕವನ್ನು ಅಲ್ಲೇ ಇಟ್ಟುಬಿಡಿ. "ಅವನು ಸತ್ತಿದ್ದಾನೆ" ಅನ್ನಲು "ಎಲೆ ಎಸ್ತಾ ಮೋರ್ತೊ" ಅಂತಾರೆ. ಸಾವಿಗಿಂತ ಶಾಶ್ವತವಾದದ್ದು ಇನ್ನೇನಿದೆ? ಆದರೂ ಅಲ್ಲಿ ಎಸ್ತಾರ್. "ನಾನು ವಿದ್ಯಾರ್ಥಿ" ಅನ್ನಲು "ಸೋ ಎಸ್ತುದಾಂತೆ", ಅಂದರೆ ಸೆರ್. ಯಾರೂ ಜೀವನಪೂರ್ತಿ ವಿದ್ಯಾರ್ಥಿಯಾಗಿ ಇರುವುದಿಲ್ಲ, ಅಲ್ವಾ? ಒಂದು ವಸ್ತು ಯಾವ ಜಾತಿಗೆ ಸೇರಿದ್ದು ಅನ್ನುವುದಕ್ಕೆ ಸೆರ್, ಅದು ಯಾವ ಸ್ಥಿತಿಯಲ್ಲಿದೆ ಅನ್ನುವುದಕ್ಕೆ ಎಸ್ತಾರ್ ಅಂತ ಬಿಡಿಸಿ ಹೇಳುವ ಪುಸ್ತಕ ಬೇಕು. "ಎಲೆ ಎಸ್ತಾ ದೊಯೆಂತೆ" ಅಂದರೆ ಈಗ ಹುಷಾರಿಲ್ಲ. "ಎಲೆ ಎ ದೊಯೆಂತೆ" ಅಂದರೆ ಅವನು ಕಾಯಿಲೆಯ ಮನುಷ್ಯ. ಇಂಥ ಜೋಡಿ ಉದಾಹರಣೆಗಳು ಎಷ್ಟಿವೆ ಅಂತ ಎಣಿಸಿ ನೋಡಿ.

ಎರಡನೆಯದು ಫ್ಯೂಚರ್ ಸಬ್‌ಜಂಕ್ಟಿವ್, ಅಂದರೆ ಮುಂದೆ ಆಗಬಹುದಾದದ್ದನ್ನು "ಆದರೆ", "ಆದಾಗ" ಅಂತ ಹೇಳುವ ಕ್ರಿಯಾಪದ ರೂಪ. ನನ್ನ ಪ್ರಕಾರ ಪುಸ್ತಕದ ನಿಜವಾದ ಪರೀಕ್ಷೆ ಇದೇ. "ಟೈಮ್ ಇದ್ರೆ ಹೋಗ್ತೀನಿ" ಎಂಬ ತೀರಾ ಮಾಮೂಲಿ ಮಾತಿಗೆ ಪೋರ್ಚುಗೀಸ್‌ನಲ್ಲಿ ಇದು ಬೇಕೇ ಬೇಕು. "ಸೆ ಎವ್ ತಿವೆರ್ ತೆಂಪೊ, ವೋ." ಇಲ್ಲಿನ "ತಿವೆರ್" ಆ ರೂಪ. "ನಾನು ಹೋದಾಗ" ಅಂತ ಮುಂದಿನ ಮಾತು ಹೇಳಲು "ಕ್ವಾಂದೊ ಎವ್ ಫೋರ್". ಸ್ಪ್ಯಾನಿಷ್‌ನಲ್ಲಿ ಈ ರೂಪ ಕಾನೂನು ಪತ್ರಗಳಿಗೆ ಸೀಮಿತವಾಗಿ ಮೂಲೆ ಸೇರಿದೆ. ಪೋರ್ಚುಗೀಸ್‌ನಲ್ಲಿ ಮಕ್ಕಳೂ ದಿನಾ ಆಡುತ್ತಾರೆ. ಆದರೂ ಎಷ್ಟೋ ಪುಸ್ತಕಗಳು ಇದನ್ನು ಕೊನೆಯ ಅಧ್ಯಾಯದಲ್ಲಿ, ಯಾವುದೋ ಅಪರೂಪದ ಒಡವೆ ಅನ್ನುವ ಹಾಗೆ ಬಚ್ಚಿಟ್ಟಿರುತ್ತವೆ.

ರೂಪ ಮಾಡುವುದು ಹೇಗೆ ಅನ್ನುವುದಕ್ಕೆ ಒಂದು ಸಲೀಸಾದ ದಾರಿ ಇದೆ. ಭೂತಕಾಲದಲ್ಲಿ "ಅವರು" ರೂಪ ತಗೊಳ್ಳಿ, ಕೊನೆಯ "ಅಂ" ತೆಗೆಯಿರಿ. "ತಿವೆರಂ" ಇಂದ "ತಿವೆರ್". "ಫೋರಂ" ಇಂದ "ಫೋರ್". "ಫಿಝೆರಂ" ಇಂದ "ಫಿಝೆರ್". ಒಂದೇ ಒಂದು ಕ್ರಿಯಾಪದವೂ ಈ ಲೆಕ್ಕ ತಪ್ಪುವುದಿಲ್ಲ. ಈ ಸೂತ್ರವನ್ನು ಹೇಳಿ, ಅದರ ಕೆಳಗೆ ಹತ್ತು ವಾಕ್ಯ ಅಭ್ಯಾಸ ಕೊಟ್ಟಿರುವ ಪುಸ್ತಕ ಸಿಕ್ಕರೆ, ಬರೆದವರು ಪಾಠ ಮಾಡಿ ಪಳಗಿದವರು ಅಂತ ಧೈರ್ಯವಾಗಿ ನಂಬಬಹುದು.

ಮೂರನೆಯದು "ತೆನ್ಯೊ ತ್ರಬಲ್ಯಾದೊ ಮುಯ್ತೊ" ತರಹದ ವಾಕ್ಯ. ನೋಡಲು ಇಂಗ್ಲಿಷ್‌ನ ಪ್ರೆಸೆಂಟ್ ಪರ್ಫೆಕ್ಟ್ ಹಾಗೇ ಇದೆ. ಅರ್ಥ ಬೇರೆ. "ಇತ್ತೀಚೆಗೆ ತುಂಬ ಕೆಲಸ ಮಾಡ್ತಾ ಬಂದಿದ್ದೀನಿ" ಅಂತ. ಒಂದು ಸಲ ಮಾಡಿ ಮುಗಿಸಿದ ಕೆಲಸಕ್ಕೆ ಇದು ಬರುವುದಿಲ್ಲ, ಅಲ್ಲಿ ಸರಳ ಭೂತಕಾಲವೇ. ಇಂಗ್ಲಿಷ್ ಮೂಲಕ ಕಲಿಯುವವರೆಲ್ಲ ಇಲ್ಲಿ ಎಡವುತ್ತಾರೆ. ಎಚ್ಚರಿಕೆಯನ್ನೇ ಕೊಡದ ಪುಸ್ತಕ ಅರ್ಧ ಕೆಲಸ ಮಾಡಿದೆ ಅಂತ ಅರ್ಥ.

ನಾಲ್ಕನೆಯದು "ಅವನನ್ನು ನೋಡಿದೆ" ಅನ್ನುವಲ್ಲಿನ ಸರ್ವನಾಮ. ಪೋರ್ಚುಗಲ್‌ನಲ್ಲಿ "ವಿ-ಒ". ಬ್ರೆಜಿಲ್‌ನ ಶಿಷ್ಟ ಬರವಣಿಗೆಯಲ್ಲಿ "ಎವ್ ಒ ವಿ". ಬ್ರೆಜಿಲ್‌ನ ಮಾತಿನಲ್ಲಿ "ಎವ್ ವಿ ಎಲೆ". ಕೊನೆಯದನ್ನು ಶಾಲೆಯ ವ್ಯಾಕರಣ ಒಪ್ಪುವುದಿಲ್ಲ, ಬೀದಿಯಲ್ಲಿ ಎಲ್ಲರೂ ಹೇಳುತ್ತಾರೆ. ಬ್ರೆಜಿಲ್ ಪುಸ್ತಕ ಎರಡನ್ನೂ ತೋರಿಸಿ, ಎಲ್ಲಿ ಯಾವುದು ಅಂತ ಹೇಳಬೇಕು. ಈ ಮಾತಿನ ರೂಪವನ್ನು "ತಪ್ಪು" ಎಂದು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ ಪುಸ್ತಕ ಓದಿದವರು, ಮೊದಲ ದಿನದ ಹರಟೆಯಲ್ಲೇ ಕಕ್ಕಾಬಿಕ್ಕಿ ಆಗುತ್ತಾರೆ.

ಕನ್ನಡ ಬಲ್ಲವರಿಗೆ ಏನಾದರೂ ಅನುಕೂಲ ಇದೆಯಾ?

ಇದೆ, ಆದರೆ ಇಂಗ್ಲಿಷ್ ಪುಸ್ತಕಗಳು ಅದನ್ನು ಹೇಳುವುದಿಲ್ಲ. ಅವು ಇಂಗ್ಲಿಷ್ ಮಾತಾಡುವವರ ಕಷ್ಟ ನೋಡಿ ಬರೆದವು.

"ಅವನು ಡಾಕ್ಟರ್" ಅನ್ನುವಾಗ ನಾವು ಕ್ರಿಯಾಪದವನ್ನೇ ಹಾಕುವುದಿಲ್ಲ. "ಅವನು ಹುಷಾರಾಗಿದ್ದಾನೆ" ಅನ್ನುವಾಗ "ಇರು" ಬರುತ್ತದೆ. ಪೋರ್ಚುಗೀಸ್‌ನಲ್ಲಿ ಮೊದಲನೆಯದಕ್ಕೆ ಸೆರ್, ಎರಡನೆಯದಕ್ಕೆ ಎಸ್ತಾರ್. "ಎಲೆ ಎ ಮೆದಿಕೊ", "ಎಲೆ ಎಸ್ತಾ ಬೆಂ". ಎಲ್ಲ ಕಡೆ ಹೀಗೇ ಹೊಂದುವುದಿಲ್ಲ. "ಅವಳು ಎತ್ತರ ಇದ್ದಾಳೆ" ಅಂತ ನಾವು ಹೇಳಿದರೂ ಅಲ್ಲಿ ಸೆರ್ ಬೇಕು. ಸ್ಟೇಷನ್ ಎಲ್ಲಿದೆ ಅಂತ ಕೇಳುವಾಗಲೂ "ಒಂದೆ ಎ ಅ ಎಸ್ತಸಾಂವ್" ಅಂತ ಸೆರ್ ಬರಬಹುದು, ಅಲುಗಾಡದ ಕಟ್ಟಡ ಅಲ್ವಾ. ಆದರೂ ಶುರುವಿಗೆ ಇದೊಂದು ಒಳ್ಳೆಯ ಊರುಗೋಲು.

ಕ್ರಿಯಾಪದದ ಕೊನೆಯಲ್ಲೇ ಮಾಡಿದವರು ಯಾರು ಅಂತ ಗೊತ್ತಾಗುವುದೂ ನಮಗೆ ಹೊಸದಲ್ಲ. "ಬಂದೆ", "ಬಂದ್ರಿ" ಅನ್ನುವಾಗ ನಾನು, ನೀವು ಬೇಕಾಗಿಲ್ಲವಲ್ಲ. ಆ ಅಧ್ಯಾಯವನ್ನು ಬೇಗ ದಾಟಬಹುದು.

ಒದ್ದಾಟ ಇರುವುದು ಲಿಂಗದಲ್ಲಿ. ಕನ್ನಡದಲ್ಲಿ ಮೇಜು ಗಂಡೂ ಅಲ್ಲ, ಹೆಣ್ಣೂ ಅಲ್ಲ. ಪೋರ್ಚುಗೀಸ್‌ನಲ್ಲಿ ನಪುಂಸಕವೇ ಇಲ್ಲ, ಎಲ್ಲವೂ ಗಂಡು ಅಥವಾ ಹೆಣ್ಣು. "ಅ"ದಲ್ಲಿ ಮುಗಿದರೆ ಹೆಣ್ಣು ಅಂತ ಕಲಿತ ಮರುಪಾಠದಲ್ಲೇ "ಒ ಪ್ರೊಬ್ಲೇಮ", "ಒ ದಿಯ", "ಒ ಮಾಪ" ಎಂಬ ಗಂಡುಪದಗಳು ಎದುರಾಗುತ್ತವೆ. ಹಾಗಾಗಿ ಪ್ರತಿ ಹೊಸ ನಾಮಪದವನ್ನೂ "ಒ" (ಗಂಡುಪದಕ್ಕೆ) ಅಥವಾ "ಅ" (ಹೆಣ್ಣುಪದಕ್ಕೆ, ಎರಡೂ ಇಂಗ್ಲಿಷ್‌ನ "ದಿ" ಥರ) ಜೊತೆಗೇ ಕೊಡುವ ಪುಸ್ತಕ ನಮಗೆ ಬೇಕು. ಬರಿಯ ಪದ ಪಟ್ಟಿ ಮಾಡಿದ ಪುಸ್ತಕ ಬೇಡ. ಬಹುವಚನದ ಅಧ್ಯಾಯವನ್ನೂ ಒಂದು ಸಲ ನೋಡಿ. "ಮಾಂವ್" ಅಂದರೆ ಕೈ, "ಕಾಂವ್" ಅಂದರೆ ನಾಯಿ, "ಲೆಯಾಂವ್" ಅಂದರೆ ಸಿಂಹ. ಮೂರರ ಕೊನೆಯೂ ಒಂದೇ. ಬಹುವಚನ ಮಾತ್ರ "ಮಾಂವ್ಸ್", "ಕಾಂಯ್ಸ್", "ಲೆಯೋಂಯ್ಸ್" ಅಂತ ಮೂರು ಥರ. ಪಟ್ಟಿ ಇಲ್ಲದೆ ಇದನ್ನು ಕಲಿಯಲಾಗದು.

ಇಂಗ್ಲಿಷ್‌ನಲ್ಲಿ ವಿವರಿಸುವ ಪುಸ್ತಕವೋ, ಪೂರ್ತಿ ಪೋರ್ಚುಗೀಸ್‌ನಲ್ಲೇ ಇರುವುದೋ?

ಮೊದಲನೆಯ ಪುಸ್ತಕ ನಿಮಗೆ ಸಲೀಸಾಗಿ ಓದಲು ಬರುವ ಭಾಷೆಯಲ್ಲಿ ಇರಲಿ. ಸಬ್‌ಜಂಕ್ಟಿವ್ ಅಂದರೇನು ಅಂತ ಗೊತ್ತಿಲ್ಲದ ಭಾಷೆಯಲ್ಲಿ ಓದಿ ತಿಳಿಯುವುದು ಸುಮ್ನೆ ತಲೆನೋವು. ಎ2 ಮಟ್ಟ (ಭಾಷೆ ಕಲಿಕೆಯ ಎ1ರಿಂದ ಸಿ2ರ ತನಕದ ಆರು ಮೆಟ್ಟಿಲಲ್ಲಿ ಎರಡನೆಯದು) ದಾಟಿದ ಮೇಲೆ ಪೋರ್ಚುಗೀಸ್‌ನಲ್ಲೇ ಇರುವುದಕ್ಕೆ ಹೋಗಿ. ವ್ಯಾಕರಣದ ಜೊತೆಗೆ ಓದುವ ಅಭ್ಯಾಸವೂ ಆಗುತ್ತದೆ.

ಹೆಸರು ಹೇಳಿಬಿಡಿ ಅಂದರೆ?

ಹೇಳಬಹುದು, ಆದರೆ ಮೇಲಿನ ನಾಲ್ಕು ಪರೀಕ್ಷೆ ಮಾಡಿಯೇ ಕೊಳ್ಳಿ.

ಬ್ರೆಜಿಲ್‌ಗೆ ಇಂಗ್ಲಿಷ್‌ನಲ್ಲಿ ಬೇಕಾದರೆ ರೌಟ್‌ಲೆಜ್ ಪ್ರಕಟಿಸಿದ, ಜಾನ್ ವಿಟ್‌ಲಂ ಬರೆದ "ಮಾಡರ್ನ್ ಬ್ರೆಜಿಲಿಯನ್ ಪೋರ್ಚುಗೀಸ್ ಗ್ರಾಮರ್". ಒಂದು ಭಾಗದಲ್ಲಿ ರೂಪಗಳು, ಇನ್ನೊಂದರಲ್ಲಿ ಆ ರೂಪಗಳನ್ನು ಇಟ್ಟುಕೊಂಡು ಏನೇನು ಹೇಳಬಹುದು ಅನ್ನುವುದು. ಮಾತಿಗೂ ಬರಹಕ್ಕೂ ಇರುವ ಅಂತರವನ್ನು ಮುಚ್ಚಿಡುವುದಿಲ್ಲ. ಅಭ್ಯಾಸ ಪುಸ್ತಕ ಬೇರೆಯಾಗಿ ಸಿಗುತ್ತದೆ, ಅದೂ ಬೇಕು.

ಪೋರ್ಚುಗಲ್‌ಗೆ ಲೀದೆಲ್ ಪ್ರಕಾಶನದ "ಗ್ರಮಾತಿಕ ಅತೀವ". ಎರಡು ಭಾಗ, ಹೊಸಬರಿಗೆ ಮೊದಲನೆಯದು. ಪೂರ್ತಿ ಪೋರ್ಚುಗೀಸ್‌ನಲ್ಲೇ ಇದೆ, ವಿವರಣೆ ಚುಟುಕು, ಅಭ್ಯಾಸ ಜಾಸ್ತಿ. ಒಬ್ಬರೇ ಕೂತು ಓದುವವರಿಗೆ ಶುರುವಿನಲ್ಲಿ ಸ್ವಲ್ಪ ಬಿಗಿ ಅನ್ನಿಸಬಹುದು. ಪಾಠ ಹೇಳುವವರು ಜೊತೆಗಿದ್ದರೆ ಇದಕ್ಕಿಂತ ಹದವಾದದ್ದು ಬೇಡ.

ಅಲ್ಲಿನವರೇ ಓದುವ ದೊಡ್ಡ ವ್ಯಾಕರಣ ತಗೊಂಡರೆ ಇನ್ನೂ ಒಳ್ಳೆಯದಲ್ವಾ?

ಈಗಲೇ ಬೇಡ. ಉದಾಹರಣೆಗೆ ಬ್ರೆಜಿಲ್‌ನ ಸೆಲ್ಸೊ ಕುನ್ಯ ಮತ್ತು ಪೋರ್ಚುಗಲ್‌ನ ಲಿಂದ್ಲಿ ಸಿಂತ್ರ ಸೇರಿ ಬರೆದು 1984ರಲ್ಲಿ ಹೊರತಂದ "ನೋವ ಗ್ರಮಾತಿಕ ದೊ ಪೊರ್ತುಗೇಸ್ ಕೊಂತೆಂಪೊರಾನೆಯೊ" ಬಹಳ ಗೌರವದ ಪುಸ್ತಕ. ಆದರೆ ಉದಾಹರಣೆಗಳೆಲ್ಲ ಸಾಹಿತ್ಯದಿಂದ ಬಂದವು, ಓದುಗರಿಗೆ ಭಾಷೆ ಆಗಲೇ ಬರುತ್ತದೆ ಅಂತ ಅಂದುಕೊಂಡು ಬರೆದದ್ದು. ಬ್ರೆಜಿಲ್‌ನ ಶಾಲೆ, ಸರ್ಕಾರಿ ಪರೀಕ್ಷೆಗಳಿಗೆ ಅಂತ ಬರುವ ವ್ಯಾಕರಣಗಳೂ ಹಾಗೇ. ಕರ್ತೃ ಎಷ್ಟು ವಿಧ, ಅಲ್ಪವಿರಾಮ ಎಲ್ಲಿ ಅಂತ ಕಲಿಸುತ್ತವೆ. "ಟೈಮ್ ಇದ್ರೆ" ಅನ್ನುವುದು ಹೇಗೆ ಅಂತ ಕಲಿಸುವುದಿಲ್ಲ, ಅವರಿಗೆ ಅದು ತಾಯಿಯಿಂದಲೇ ಬಂದಿರುತ್ತದೆ.

ಹಳೆಯ ಪುಸ್ತಕ ಅಗ್ಗಕ್ಕೆ ಸಿಗುತ್ತಿದೆ. ತಗೊಳ್ಳಬಹುದಾ?

ಸ್ಪೆಲಿಂಗ್ ನೋಡಿಕೊಂಡು ತಗೊಳ್ಳಿ. ಪೋರ್ಚುಗೀಸ್ ಮಾತಾಡುವ ದೇಶಗಳು 1990ರಲ್ಲಿ ಲಿಸ್ಬನ್‌ನಲ್ಲಿ ಒಂದು ಕಾಗುಣಿತ ಒಪ್ಪಂದಕ್ಕೆ ಸಹಿ ಹಾಕಿದವು. ಜಾರಿಗೆ ಬರಲು ವರ್ಷಗಳೇ ಹಿಡಿದವು. ಬ್ರೆಜಿಲ್ 2009ರಲ್ಲಿ ಶುರು ಮಾಡಿತು, 2016ರಿಂದ ಅಲ್ಲಿ ಹೊಸ ಸ್ಪೆಲಿಂಗ್ ಕಡ್ಡಾಯ. ಪೋರ್ಚುಗಲ್‌ನಲ್ಲಿ ಉಚ್ಚರಿಸದ ಅಕ್ಷರಗಳು ಬಿದ್ದುಹೋದವು. "ತುಂಬ ಒಳ್ಳೆಯದು" ಎಂಬ ಅರ್ಥದ "ಓತಿಮೊ" ಪದದ ಒಳಗೆ ಮೊದಲು ಒಂದು ಮೂಕ "ಪಿ" ಇತ್ತು. ಬ್ರೆಜಿಲ್‌ನಲ್ಲಿ "ಯು" ಅಕ್ಷರದ ಮೇಲಿನ ಎರಡು ಚುಕ್ಕಿ ಹೋಯಿತು, "ಇದೆಯ" ಪದದ ಒತ್ತುಗೆರೆಯೂ ಹೋಯಿತು.

ವ್ಯಾಕರಣ ಏನೂ ಬದಲಾಗಿಲ್ಲ. ಓದಿ ತಿಳಿಯುವುದಕ್ಕೆ 2009ಕ್ಕಿಂತ ಹಿಂದಿನದೂ ನಡೆಯುತ್ತದೆ. ಪರೀಕ್ಷೆ ಬರೆಯುವವರು, ಪತ್ರ ವ್ಯವಹಾರ ಮಾಡುವವರು ಹೊಸದನ್ನೇ ಕೊಳ್ಳಿ. ಅಭ್ಯಾಸ ಪುಸ್ತಕವಂತೂ ಬೇರೆಯವರು ಉತ್ತರ ತುಂಬಿಸಿದ್ದರೆ ಬೇಡವೇ ಬೇಡ.

ಸ್ಪ್ಯಾನಿಷ್ ಬರುತ್ತದೆ. ಪುಸ್ತಕ ಬೇಕಾ?

ನಿಮಗೇ ಜಾಸ್ತಿ ಬೇಕು. ಓದಿದ್ದೆಲ್ಲ ಅರ್ಥವಾಗುವುದರಿಂದ ಎಲ್ಲ ಬರುತ್ತದೆ ಅಂತ ಅನ್ನಿಸಿಬಿಡುತ್ತದೆ. ಪ್ರಯಾಣ, ಹಾಲು, ಮರ, ರಕ್ತ, ಈ ನಾಲ್ಕು ಪದಗಳ ಲಿಂಗವೂ ಎರಡು ಭಾಷೆಯಲ್ಲಿ ಉಲ್ಟಾ. ಸ್ಪ್ಯಾನಿಷ್ ಬಲ್ಲವರಿಗೆಂದೇ ಬರೆದ ಪುಸ್ತಕಗಳಿವೆ. ಅದರಲ್ಲಿ ಫ್ಯೂಚರ್ ಸಬ್‌ಜಂಕ್ಟಿವ್ ಜೊತೆಗೆ ಪರ್ಸನಲ್ ಇನ್ಫಿನಿಟಿವ್ ಎಷ್ಟು ಪುಟ ಇದೆ ನೋಡಿ. "ನಾವು ಕಾಯೋದೇ ಒಳ್ಳೆಯದು" ಅನ್ನುವಲ್ಲಿ "ಕಾಯು" ಪದಕ್ಕೇ "ನಾವು" ಪ್ರತ್ಯಯ ಅಂಟಿ "ಎಸ್ಪೆರಾರ್ಮೊಸ್" ಆಗುತ್ತದೆ. ಸ್ಪ್ಯಾನಿಷ್‌ನಲ್ಲಿ ಇದು ಇಲ್ಲವೇ ಇಲ್ಲ.

ಪರೀಕ್ಷೆಗೆ ಓದುತ್ತಿದ್ದೇನೆ. ಆಯ್ಕೆ ಬದಲಾಗುತ್ತದಾ?

ಬದಲಾಗುತ್ತದೆ. ಬ್ರೆಜಿಲ್‌ನ ಅಧಿಕೃತ ಪರೀಕ್ಷೆ ಸೆಲ್ಪಿ-ಬ್ರಾಸ್. ಅದರಲ್ಲಿ ವ್ಯಾಕರಣಕ್ಕೆ ಅಂತ ಬೇರೆ ಪ್ರಶ್ನೆಗಳಿಲ್ಲ. ಕೇಳಿ, ಓದಿ, ಅದರ ಮೇಲೆ ಪತ್ರವನ್ನೋ ಲೇಖನವನ್ನೋ ಬರೆಯಬೇಕು. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ. ಮಾತಿನ ಪರೀಕ್ಷೆಯೂ ಇದೆ, ಬರೆದದ್ದು, ಮಾತಾಡಿದ್ದು ಎರಡರ ಮೇಲೂ ಮಟ್ಟ ನಿರ್ಧಾರ. ಇದಕ್ಕೆ ಬಿಟ್ಟ ಸ್ಥಳ ತುಂಬುವ ಅಭ್ಯಾಸ ಪುಸ್ತಕಕ್ಕಿಂತ, ಪತ್ರಕ್ಕೆ ಯಾವ ಭಾಷೆ, ಗೆಳೆಯರಿಗೆ ಯಾವ ಭಾಷೆ ಅಂತ ಹೇಳುವ ಪುಸ್ತಕ ಉಪಯೋಗ.

ಪೋರ್ಚುಗಲ್‌ನಲ್ಲಿ ಲಿಸ್ಬನ್ ವಿಶ್ವವಿದ್ಯಾಲಯದ ಕಾಪ್ಲಿ ಕೇಂದ್ರ ಮಟ್ಟಕ್ಕೊಂದು ಪರೀಕ್ಷೆ ನಡೆಸುತ್ತದೆ. ಎ2 ಮಟ್ಟದ್ದು ಸಿಪ್ಲಿ, ಬಿ1ಕ್ಕೆ ದೆಪ್ಲಿ, ಬಿ2ಕ್ಕೆ ದಿಪ್ಲಿ. ಇಲ್ಲಿ ಪುಸ್ತಕದ ಬೆನ್ನ ಮೇಲೆ ಇರುವ ಮಟ್ಟವನ್ನು ಪರೀಕ್ಷೆಯ ಮಟ್ಟಕ್ಕೆ ಹೊಂದಿಸಿಕೊಂಡು ಕೊಳ್ಳಿ. ಸಿಪ್ಲಿಗೆ ಓದುವವರು 400 ಪುಟದ ವ್ಯಾಕರಣ ಹೊತ್ತು ತರುವ ಅಗತ್ಯ ಇಲ್ಲ.

ಕ್ರಿಯಾಪದಗಳ ಪಟ್ಟಿಯೇ ಇರುವ ದಪ್ಪ ಪುಸ್ತಕ?

ಬೇಡ. ಅದೆಲ್ಲ ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ.

ಆ್ಯಪ್‌ನಲ್ಲೇ ಕಲಿಯುತ್ತಿದ್ದೇನೆ. ಪುಸ್ತಕ ಬೇಕೇ ಬೇಕಾ?

ಪದ ನೆನಪಿಡಲು ಆ್ಯಪ್ ಸಾಕು. "ಯಾಕೆ ಹೀಗೆ?" ಅನ್ನುವ ಪ್ರಶ್ನೆ ಹುಟ್ಟುವ ತನಕ ಪುಸ್ತಕ ಬೇಡ. ಆ ಪ್ರಶ್ನೆ ವಾರಕ್ಕೆ ಮೂರು ನಾಲ್ಕು ಸಲ ಬರತೊಡಗಿದರೆ ಕೊಳ್ಳುವ ಹೊತ್ತು ಬಂತು ಅಂತ ಲೆಕ್ಕ.

ಉತ್ತರಗಳಿಲ್ಲದ ಅಭ್ಯಾಸ ಪುಸ್ತಕ?

ತರಗತಿಗೆ ಹೋಗುವವರಿಗೆ ಸರಿ. ಒಬ್ಬರೇ ಕಲಿಯುವವರಿಗೆ ದುಡ್ಡು ದಂಡ. ಕೆಲವು ಪುಸ್ತಕಗಳ ಉತ್ತರ ಬೇರೆಯೇ ಪುಸ್ತಕದಲ್ಲಿ ಇರುತ್ತದೆ, ಅದನ್ನೂ ಮೊದಲೇ ವಿಚಾರಿಸಿ.

ಪುಸ್ತಕ ತಂದೆ. ಮೊದಲ ಪುಟದಿಂದ ಓದಬೇಕಾ?

ಹಾಗೆ ಓದಿದರೆ ಬಹಳ ಜನ ಲೇಖನ ಚಿಹ್ನೆಗಳ ಅಧ್ಯಾಯದಲ್ಲೇ ನಿಂತುಬಿಡುತ್ತಾರೆ. ವರ್ತಮಾನ, ಸರಳ ಭೂತಕಾಲ, "ಹೋಗುತ್ತೇನೆ" ಅನ್ನಲು ಬರುವ "ವೋ" ಜೊತೆಗಿನ ಭವಿಷ್ಯ, ಸೆರ್ ಮತ್ತು ಎಸ್ತಾರ್, ಆಮೇಲೆ "ಒಳಗೆ" ಅನ್ನುವ ಅರ್ಥದ "ಎಂ" ಮತ್ತು "ಒ" ಸೇರಿ "ನೊ" ಆಗುವಂಥ ಸಂಧಿಗಳು. ಇಷ್ಟು ಮುಗಿಸಿದರೆ ಮಾತು ಶುರು ಮಾಡಬಹುದು. ಫ್ಯೂಚರ್ ಸಬ್‌ಜಂಕ್ಟಿವ್ ಪುಸ್ತಕದಲ್ಲಿ ಎಷ್ಟೇ ಹಿಂದೆ ಇರಲಿ, ಭೂತಕಾಲ ಮುಗಿದ ಕೂಡಲೇ ಎಳೆದು ತಂದು ಓದಿ.

ಬಿಟ್ಟು ಹಾರಬಹುದಾದವೂ ಇವೆ. "ನೀವು" ಅನ್ನುವ ಹಳೆಯ "ವೋಸ್" ಸಾಲು ಪ್ರಾರ್ಥನೆ, ಹಳೆಯ ಸಾಹಿತ್ಯ, ಉತ್ತರ ಪೋರ್ಚುಗಲ್‌ನ ಕೆಲವು ಊರು ಬಿಟ್ಟರೆ ಕೇಳಿಸುವುದಿಲ್ಲ. ಕ್ರಿಯಾಪದದ ಹೊಟ್ಟೆಯಲ್ಲಿ ಸರ್ವನಾಮ ಕೂರಿಸುವ "ದಾರ್-ತೆ-ಎಯ್" ತರಹದ ರೂಪ ಕಂಡಾಗ ಗುರುತು ಸಿಕ್ಕರೆ ಸಾಕು. "ಫಲಾರ" ಎಂಬ ಒಂದೇ ಪದದ ದೂರ ಭೂತಕಾಲವೂ ಕಾದಂಬರಿಗೆ ಸೇರಿದ್ದು, ಮಾತಿನಲ್ಲಿ "ತಿನ್ಯ ಫಲಾದೊ" ಅಂತಾರೆ. ಬ್ರೆಜಿಲ್ ಕಲಿಯುವವರು ಇದರ ಬದಲು "ಅ ಝೆಂತೆ" ಕಲಿಯಿರಿ. ಅರ್ಥ "ನಾವು", ಕ್ರಿಯಾಪದ ಮಾತ್ರ "ಅವನು" ರೂಪದಲ್ಲಿ. ದಿನಬೆಳಗಾದರೆ ಕೇಳಿಸುತ್ತದೆ.

ಎರಡನೇ ಪುಸ್ತಕ ಯಾವಾಗ?

ಮೊದಲನೆಯದರ ಅಭ್ಯಾಸಗಳನ್ನು ಪೆನ್ಸಿಲ್‌ನಲ್ಲಿ ಮಾಡಿ. ಒಂದೆರಡು ತಿಂಗಳಾದ ಮೇಲೆ ಅಳಿಸಿ, ತಪ್ಪಾಗಿದ್ದನ್ನು ಮಾತ್ರ ಮತ್ತೆ ಮಾಡಿ. ಎರಡನೇ ಸಲವೂ ಅದೇ ಅಧ್ಯಾಯದಲ್ಲಿ ತಪ್ಪುತ್ತಿದ್ದರೆ, ಆ ವಿಷಯವನ್ನು ಬೇರೆ ಥರ ವಿವರಿಸುವ ಪುಸ್ತಕ ಹುಡುಕಿ. ಅಷ್ಟಕ್ಕೇ ಲೈಬ್ರರಿಯಿಂದ ತಂದರೂ ನಡೆಯುತ್ತದೆ.